ವಿಪಿಎನ್ ಹಚ್ಚಿದರೂ ಊರು ಹೇಗೆ ಗೊತ್ತಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆಡುಮಾತಿನಲ್ಲೇ ಇಟ್ಟಿದ್ದೇವೆ. ಸೆಟ್ಟಿಂಗ್‌ಗಳ ಹೆಸರು ಫೋನಿನ ಕಂಪನಿಗೆ ತಕ್ಕಂತೆ ತುಸು ಆಚೀಚೆ ಇರಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲಿನ ಹುಡುಕು ಪಟ್ಟಿಯಲ್ಲಿ ಆ ಪದ ಹಾಕಿ ನೋಡಿ.

ವಿಪಿಎನ್ ಹಚ್ಚೀನಿ, ಆದ್ರೂ ಗೂಗಲ್ ‘ಕಲಬುರಗಿ’ ಅಂತಲೇ ತೋರಸ್ಲಾಕತ್ತದ. ವಿಪಿಎನ್ ಕೆಟ್ಟದೇನು?

ಕೆಟ್ಟಿರುವುದು ಅಪರೂಪ. ವಿಪಿಎನ್ ಮಾಡುವುದು ಒಂದೇ ಕೆಲಸ. ನಿಮ್ಮ ಡೇಟಾವನ್ನು ಗೂಢಲಿಪಿಯಲ್ಲಿ ಸುತ್ತಿ ಬೇರೆ ಊರಿನ ಸರ್ವರ್‌ಗೆ ಒಯ್ಯುತ್ತದೆ, ಅಲ್ಲಿಂದ ಆ ಸರ್ವರ್‌ನ ಐಪಿ ವಿಳಾಸದ (ಇಂಟರ್ನೆಟ್‌ನಲ್ಲಿ ಗುರುತಿಸುವ ಸಂಖ್ಯೆಯ) ಮೇಲೆ ಹೊರಗೆ ಬಿಡುತ್ತದೆ. ಫೋನಿನ ಜಿಪಿಎಸ್, ಸುತ್ತಲಿನ ವೈಫೈ, ಗಡಿಯಾರ, ಭಾಷೆ, ಲಾಗಿನ್ ಆದ ಅಕೌಂಟ್, ಸಿಮ್ ಇವು ಯಾವುದನ್ನೂ ಅದು ಮುಟ್ಟುವುದಿಲ್ಲ. ಇವುಗಳಲ್ಲಿ ಒಂದು ಬಾಯಿ ಬಿಟ್ಟರೂ ಊರು ಗೊತ್ತಾಗುತ್ತದೆ.

ಯಾವುದು ಬಾಯಿ ಬಿಟ್ಟಿತು ಎಂದು ತಿಳಿಯಲು ನಮ್ಮ ಭಾಗದವರಿಗೆ ಒಂದು ಸುಲಭ ದಾರಿ ಇದೆ. ಮೊಬೈಲ್ ಡೇಟಾದಲ್ಲಿ ಸಾವಿರಾರು ಗ್ರಾಹಕರು ಒಂದೇ ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸವನ್ನು ಹಂಚಿಕೊಂಡಿರುತ್ತಾರೆ, ಆ ವಿಳಾಸ ಇಂಟರ್ನೆಟ್‌ಗೆ ಇಳಿಯುವುದು ದೊಡ್ಡ ಊರಿನ ಗೇಟ್‌ವೇನಲ್ಲಿ. ಹಾಗಾಗಿ ವಿಪಿಎನ್ ಇಲ್ಲದಿದ್ದರೂ ಐಪಿ ನೋಡಿ ಊರು ಹೇಳುವ ಸೈಟ್‌ಗಳು ನಿಮ್ಮನ್ನು ಬೆಂಗಳೂರಿನವರೆಂದೋ ಹೈದರಾಬಾದಿನವರೆಂದೋ ಹೇಳುವುದೇ ಹೆಚ್ಚು. ಇದನ್ನೇ ತಿರುಗಿಸಿ ಓದಿ:

- ವಿಪಿಎನ್ ಹಚ್ಚಿದ ಮೇಲೂ ಸೇಡಂ ರೋಡ್, ಜೇವರ್ಗಿ ರೋಡ್ ಎಂದು ಬಡಾವಣೆಯ ಮಟ್ಟಕ್ಕೆ ತೋರಿಸಿದರೆ ತಪ್ಪು ಐಪಿಯದ್ದಲ್ಲ. ಲೊಕೇಶನ್ ಪರ್ಮಿಷನ್ ಅಥವಾ ಅಕೌಂಟ್ ನೋಡಿ.
- ಬೆಂಗಳೂರು, ಹೈದರಾಬಾದ್, ಮುಂಬೈ ಎಂದು ತೋರಿಸಿದರೆ ನಿಮ್ಮ ನಿಜವಾದ ಐಪಿ ಎಲ್ಲೋ ಸೋರುತ್ತಿದೆ.
- ಬರೀ ‘ಭಾರತ’ ಎಂದಷ್ಟೇ ಗೊತ್ತಾಗಿದ್ದರೆ ಗಡಿಯಾರ, ಭಾಷೆ, ಸಿಮ್ ಅಥವಾ ಪಾವತಿ ಕಾರ್ಡ್.

ಮನೆಗೆ ಕೇಬಲ್ ಬ್ರಾಡ್‌ಬ್ಯಾಂಡ್ ಇದ್ದರೆ ಎರಡನೆಯ ಸಾಲಿಗೆ ಕಲಬುರಗಿಯನ್ನೂ ಸೇರಿಸಿಕೊಳ್ಳಿ: ಕೆಲವರ ಐಪಿ ನೇರ ಕಲಬುರಗಿ ಎಂದೇ ದಾಖಲಾಗಿರುತ್ತದೆ. ಕೆಲವು ಪಟ್ಟಿಗಳಲ್ಲಿ ‘ಗುಲ್ಬರ್ಗಾ’ ಎಂಬ ಹಳೆಯ ಹೆಸರು ಕಂಡರೆ ಅದೂ ಇದೇ ಊರು.

ಗೂಗಲ್‌ಗೆ ಎಲ್ಲಿಂದ ಗೊತ್ತಾಯ್ತು ಅಂತ ಅದನ್ನೇ ಕೇಳ್ಲಾಕ ಬರ್ತದೇನು?

ಬರುತ್ತದೆ. ಏನಾದರೂ ಹುಡುಕಿ, ಫಲಿತಾಂಶದ ಪುಟದ ತಳಕ್ಕೆ ಹೋಗಿ. ಅಲ್ಲಿ ಊರಿನ ಹೆಸರು, ಪಕ್ಕದಲ್ಲಿ ಅದು ಬಂದ ಮೂಲ ಇರುತ್ತದೆ: ನಿಮ್ಮ ಸಾಧನದಿಂದ, ಐಪಿ ವಿಳಾಸದಿಂದ, ಹಿಂದಿನ ಚಟುವಟಿಕೆಯಿಂದ, ಅಥವಾ ನೀವು ಮ್ಯಾಪ್‌ನಲ್ಲಿ ಉಳಿಸಿದ ‘ಮನೆ’ಯಿಂದ. ‘ಹಿಂದಿನ ಚಟುವಟಿಕೆ’ ಎಂದಿದ್ದರೆ ಎಷ್ಟು ವಿಪಿಎನ್ ಬದಲಿಸಿದರೂ ಪ್ರಯೋಜನವಿಲ್ಲ. ಗೂಗಲ್ ಅಕೌಂಟ್‌ನ ಡೇಟಾ ಮತ್ತು ಪ್ರೈವಸಿ ಭಾಗದಲ್ಲಿ ವೆಬ್ ಹಾಗೂ ಆ್ಯಪ್ ಚಟುವಟಿಕೆಯನ್ನು ನಿಲ್ಲಿಸಬೇಕು, ಇಲ್ಲವೇ ಲಾಗಿನ್ ಆಗದೆ ಹುಡುಕಬೇಕು. ಹಣ ಕೊಟ್ಟು ಇನ್ನೊಂದು ವಿಪಿಎನ್ ಕೊಳ್ಳುವ ಮುಂಚೆ ಈ ಒಂದು ಸಾಲು ಓದಿಕೊಂಡರೆ ಅರ್ಧ ಜನರ ದುಡ್ಡು ಉಳಿಯುತ್ತದೆ.

ನನ್ನ ಫೋನ್‌ನಾಗ ಜಿಪಿಎಸ್ ಬಂದ್ ಅದ. ಲ್ಯಾಪ್‌ಟಾಪ್‌ಗಂತೂ ಜಿಪಿಎಸ್ಸೇ ಇಲ್ಲ. ಆದ್ರೂ ಓಣಿ ತನಕ ಹೆಂಗ ಗೊತ್ತಾಗ್ತದ?

ವೈಫೈನಿಂದ. ಪ್ರತಿ ರೌಟರ್‌ಗೂ ಹಾರ್ಡ್‌ವೇರ್ ಗುರುತಿನ ಸಂಖ್ಯೆ ಒಂದಿದೆ, ಅದನ್ನು ಅದು ಸೆಕೆಂಡಿಗೆ ಹಲವು ಬಾರಿ ಗಾಳಿಯಲ್ಲಿ ಸಾರುತ್ತಿರುತ್ತದೆ. ಪಾಸ್‌ವರ್ಡ್ ಇಲ್ಲದೆಯೂ, ಕನೆಕ್ಟ್ ಆಗದೆಯೂ ಅದು ಸುತ್ತಲಿನ ಎಲ್ಲ ಫೋನಿಗೂ ಕೇಳಿಸುತ್ತದೆ. ಜಿಪಿಎಸ್ ಇರುವ ಲಕ್ಷಾಂತರ ಫೋನುಗಳು ರಸ್ತೆಯಲ್ಲಿ ಓಡಾಡುತ್ತ ‘ಈ ಸಂಖ್ಯೆಯ ರೌಟರ್ ಇಲ್ಲಿ ಕೇಳಿಸಿತು’ ಎಂದು ಗೂಗಲ್, ಆ್ಯಪಲ್‌ನಂಥ ಕಂಪನಿಗಳಿಗೆ ವರದಿ ಮಾಡಿಬಿಟ್ಟಿವೆ. ನೀವು ಕಲಬುರಗಿಯ ಸೂಪರ್ ಮಾರ್ಕೆಟ್‌ನ ಅಂಗಡಿ ಸಾಲಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರೆ ಹತ್ತಾರು ರೌಟರ್ ಕೇಳಿಸುತ್ತವೆ. ಬ್ರೌಸರ್ ಆ ಸಂಖ್ಯೆಗಳ ಪಟ್ಟಿಯನ್ನೂ ಸಿಗ್ನಲ್ ಬಲವನ್ನೂ ಕಳಿಸುತ್ತದೆ, ಉತ್ತರವಾಗಿ ಅಕ್ಷಾಂಶ, ರೇಖಾಂಶ ಮತ್ತು ‘ಇಷ್ಟು ಮೀಟರ್ ಆಚೀಚೆ’ ಎಂಬ ಅಂದಾಜು ಬರುತ್ತದೆ. ಈ ಪಟ್ಟಿ ವಿಪಿಎನ್ ಸುರಂಗದ ಒಳಗಿನಿಂದಲೇ ಹೋಗುತ್ತದೆ. ಹಾಗಾಗಿ ಅದು ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋದರೂ ಅದರಲ್ಲಿ ಬರೆದಿರುವುದು ಕಲಬುರಗಿಯ ರೌಟರ್‌ಗಳೇ. ಹೊಲದ ಮನೆಯಲ್ಲಿ ರೌಟರ್‌ಗಳಿಲ್ಲದಿದ್ದರೆ ಮೊಬೈಲ್ ಟವರ್ ಲೆಕ್ಕಕ್ಕೆ ಬರುತ್ತದೆ. ಆಗ ನಿಖರತೆ ಕಿಲೋಮೀಟರ್‌ಗಳಷ್ಟು ಹಿಗ್ಗುತ್ತದೆ.

ಏನು ಮಾಡಬೇಕು:

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಲೊಕೇಶನ್, ಲೊಕೇಶನ್ ಸರ್ವಿಸಸ್‌ಗೆ ಹೋಗಿ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಎರಡನ್ನೂ ಆಫ್ ಮಾಡಿ. ಇವು ಆನ್ ಇದ್ದರೆ ವೈಫೈ ಗುಂಡಿ ಆಫ್ ಇದ್ದಾಗಲೂ ಫೋನ್ ಕಿವಿಗೊಟ್ಟು ಕೇಳುತ್ತಲೇ ಇರುತ್ತದೆ. ಆಮೇಲೆ ಬ್ರೌಸರ್ ಆ್ಯಪ್‌ಗೆ ಕೊಟ್ಟ ಲೊಕೇಶನ್ ಪರ್ಮಿಷನ್ ತೆಗೆಯಿರಿ. ಆಂಡ್ರಾಯ್ಡ್ 12ರಿಂದ ಮತ್ತು ಐಫೋನಿನಲ್ಲಿ ಐಒಎಸ್ 14ರಿಂದ ‘ನಿಖರ’ ಮತ್ತು ‘ಅಂದಾಜು’ ಎಂಬ ಆಯ್ಕೆ ಇದೆ. ಹವಾಮಾನ ನೋಡುವ ಆ್ಯಪ್‌ಗೆ ಅಂದಾಜು ಸಾಕು.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಲೊಕೇಶನ್ ತೆರೆದು ಹಿಂದೆ ‘ಅಲೋ’ ಒತ್ತಿದ ಸೈಟ್‌ಗಳ ಪಟ್ಟಿ ನೋಡಿ. ಎಂದೋ ಒಮ್ಮೆ ಊಟ ತರಿಸಲು ಒತ್ತಿದ್ದು ಇಂದಿಗೂ ಅಲ್ಲೇ ಕೂತಿರುತ್ತದೆ. ವಿಂಡೋಸ್ 11ರಲ್ಲಿ ಪ್ರೈವಸಿ ಮತ್ತು ಸೆಕ್ಯುರಿಟಿ ಕೆಳಗೆ ಲೊಕೇಶನ್ ಆಫ್ ಮಾಡಬಹುದು.

ಮನೆಯ ರೌಟರ್ ಈ ನಕಾಶೆಯಲ್ಲಿ ಇರುವುದೇ ಬೇಡ ಎಂದಿದ್ದರೆ ವೈಫೈ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ‘ನೋಮ್ಯಾಪ್’ (nomap) ಎಂದು ಒಂದೇ ಪದವಾಗಿ ಸೇರಿಸಿ. ಗೂಗಲ್ ಆ ರೌಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಪಕ್ಕದ ಮನೆಯ ರೌಟರ್ ಕೇಳಿಸುತ್ತಲೇ ಇರುತ್ತದಲ್ಲ!

ಕೆಲವು ಸೈಟ್‌ಗೆ ನನ್ನ ವಿಪಿಎನ್ ಊರು ಕಾಣ್ತದ, ಯೂಟ್ಯೂಬ್‌ಗ ಮಾತ್ರ ಇಂಡಿಯಾ ಅಂತ ಗೊತ್ತಾಗ್ತದ. ಇದೇನು ಚಮತ್ಕಾರ?

ಇದು ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಸೋರಿಕೆಯ ಲಕ್ಷಣ, ಮತ್ತು ಭಾರತದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ನಮ್ಮ ಮೊಬೈಲ್ ನೆಟ್‌ವರ್ಕ್‌ಗಳು, ಅದರಲ್ಲೂ ಜಿಯೋ, ಐಪಿವಿ6 ಮೇಲೆ ನಿಂತಿವೆ. ಹಳೆಯ ಅಥವಾ ಅಗ್ಗದ ವಿಪಿಎನ್ ಐಪಿವಿ4 ಡೇಟಾವನ್ನು ಮಾತ್ರ ಸುರಂಗಕ್ಕೆ ಹಾಕುತ್ತದೆ, ಐಪಿವಿ6 ಹೊರಗಿನಿಂದ ಸಲೀಸಾಗಿ ಹೋಗುತ್ತದೆ. ಗೂಗಲ್, ಯೂಟ್ಯೂಬ್, ಫೇಸ್‌ಬುಕ್‌ನಂಥ ಸೈಟ್‌ಗಳಿಗೆ ಐಪಿವಿ6 ವಿಳಾಸ ಇದೆ, ಎರಡೂ ಇದ್ದಾಗ ಕಂಪ್ಯೂಟರ್ ಐಪಿವಿ6ಗೇ ಆದ್ಯತೆ ಕೊಡುತ್ತದೆ. ಐಪಿವಿ6 ಇಲ್ಲದ ಹಳೆಯ ಸೈಟ್ ತೆರೆದರೆ ವಿಪಿಎನ್ ಊರೇ ಕಾಣುತ್ತದೆ. ಅದಕ್ಕೇ ಅರ್ಧ ಸೈಟ್‌ಗೆ ಗೊತ್ತು, ಅರ್ಧಕ್ಕೆ ಗೊತ್ತಿಲ್ಲ.

ಪರೀಕ್ಷೆ: ವಿಪಿಎನ್ ಆನ್ ಇಟ್ಟು ಐಪಿಲೀಕ್ ಡಾಟ್ ನೆಟ್ ತೆರೆಯಿರಿ. ಐಪಿವಿ6 ಸಾಲಿನಲ್ಲಿ 2409:40 ಎಂದು ಶುರುವಾಗುವ ವಿಳಾಸ ಕಂಡರೆ ಅದು ಜಿಯೋ, 2401:4900 ಎಂದು ಶುರುವಾದರೆ ಏರ್‌ಟೆಲ್. ಎರಡರಲ್ಲಿ ಯಾವುದು ಕಂಡರೂ ಸೋರುತ್ತಿದೆ ಎಂದೇ ಅರ್ಥ. ಆ ಸಾಲು ಖಾಲಿ ಇದ್ದರೆ ಅಥವಾ ವಿಪಿಎನ್ ಕಂಪನಿಯ ವಿಳಾಸ ಇದ್ದರೆ ಸರಿ.

ಆಂಡ್ರಾಯ್ಡ್ ಫೋನಿನಲ್ಲಿ ಇದು ಕಡಿಮೆ. ವಿಪಿಎನ್ ಆ್ಯಪ್ ಐಪಿವಿ6 ಬಗ್ಗೆ ಏನೂ ಹೇಳದಿದ್ದರೆ ಆಂಡ್ರಾಯ್ಡ್ ತಾನಾಗಿ ಅದನ್ನು ತಡೆಯುತ್ತದೆ. ಸಿಕ್ಕಿಬೀಳುವುದು ವಿಂಡೋಸ್ ಲ್ಯಾಪ್‌ಟಾಪ್. ಮೊದಲು ವಿಪಿಎನ್ ಆ್ಯಪ್‌ನಲ್ಲಿ ‘ಐಪಿವಿ6 ಸೋರಿಕೆ ತಡೆ’ ಎಂಬಂಥ ಆಯ್ಕೆ ಹುಡುಕಿ. ಇಲ್ಲದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ವೈಫೈ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು ‘ಇಂಟರ್ನೆಟ್ ಪ್ರೋಟೋಕಾಲ್ ವರ್ಶನ್ 6’ ಮುಂದಿನ ಟಿಕ್ ತೆಗೆಯಿರಿ. ನೀವೇ ವೈರ್‌ಗಾರ್ಡ್ ಎಂಬ ತಂತ್ರದಿಂದ ವಿಪಿಎನ್ ಕಟ್ಟಿಕೊಂಡಿದ್ದರೆ ಕಾನ್ಫಿಗ್ ಫೈಲಿನ ‘ಅಲೌಡ್ ಐಪೀಸ್’ ಸಾಲಿನಲ್ಲಿ 0.0.0.0/0 ಜೊತೆಗೆ ::/0 ಕೂಡ ಇರಬೇಕು. ಎರಡನೆಯದನ್ನು ಬಿಡುವುದೇ ಎಲ್ಲರೂ ಮಾಡುವ ತಪ್ಪು.

ಫೋನ್‌ನಾಗ ವಿಪಿಎನ್ ಆನ್ ಅದ, ಅದರ ಹಾಟ್‌ಸ್ಪಾಟ್ ಲ್ಯಾಪ್‌ಟಾಪ್‌ಗ ಕೊಟ್ಟೀನಿ. ಲ್ಯಾಪ್‌ಟಾಪ್ ಸುರಕ್ಷಿತ ಅಲ್ಲೇನ್ರಿ?

ಅಲ್ಲ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಹಿಡಿದ ಸಾಧನದ ಡೇಟಾ ಫೋನಿನ ವಿಪಿಎನ್ ಮೂಲಕ ಹೋಗುವುದಿಲ್ಲ, ನೇರವಾಗಿ ಸಿಮ್ ನೆಟ್‌ವರ್ಕ್‌ಗೆ ಹೋಗುತ್ತದೆ. ಫೋನಿನ ಮೇಲಿನ ಕೀಲಿ ಚಿಹ್ನೆ ಫೋನಿಗೆ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಬೇರೆಯೇ ವಿಪಿಎನ್ ಹಾಕಿಕೊಳ್ಳಬೇಕು, ಮೇಲಿನ ಐಪಿವಿ6 ಪರೀಕ್ಷೆಯನ್ನೂ ಮಾಡಿಕೊಳ್ಳಬೇಕು.

ಡಿಎನ್‌ಎಸ್ ಲೀಕ್ ಅಂತಾರಲ್ಲ, ಅದರಿಂದ ಸೈಟ್‌ನವರಿಗೆ ಏನು ಸಿಗ್ತದ?

ಸೈಟ್ ಹೆಸರನ್ನು ಐಪಿ ಸಂಖ್ಯೆಯಾಗಿ ಬದಲಿಸಿ ಕೊಡುವುದು ಡಿಎನ್‌ಎಸ್ ಸರ್ವರ್. ವಿಪಿಎನ್ ಇದ್ದೂ ಈ ಕೇಳಿಕೆ ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯ ಸರ್ವರ್‌ಗೇ ಹೋದರೆ ಅದು ಡಿಎನ್‌ಎಸ್ ಸೋರಿಕೆ. ಸೈಟ್‌ನವರು ಇದನ್ನು ಪತ್ತೆ ಹಚ್ಚುವುದು ಜಾಣತನದಿಂದ: ಪುಟದೊಳಗೆ ಯಾರಿಗೂ ಹಿಂದೆ ಕೊಡದ, ಉದ್ದನೆಯ ಅಡ್ಡಾದಿಡ್ಡಿ ಅಕ್ಷರಗಳ ಒಂದು ಉಪಹೆಸರು (ತಮ್ಮ ಸೈಟ್ ಹೆಸರಿನ ಮುಂದೆ ಸೇರುವ ಭಾಗ) ಇಡುತ್ತಾರೆ. ನಿಮ್ಮ ಬ್ರೌಸರ್ ಅದನ್ನು ತೆರೆಯಲು ಹೋದಾಗ ಯಾವ ಡಿಎನ್‌ಎಸ್ ಸರ್ವರ್ ಬಂದು ಕೇಳಿತೋ ಅದು ಅವರ ಕಡತದಲ್ಲಿ ದಾಖಲಾಗುತ್ತದೆ. ಐಪಿ ಜರ್ಮನಿಯದು, ಕೇಳಿದ ಸರ್ವರ್ ಭಾರತದ ಟೆಲಿಕಾಂ ಕಂಪನಿಯದು ಎಂದರೆ ಗುಟ್ಟು ಬಯಲು.

ಡಿಎನ್‌ಎಸ್‌ಲೀಕ್‌ಟೆಸ್ಟ್ ಡಾಟ್ ಕಾಮ್ ಮಾಡುವುದೂ ಇದನ್ನೇ. ಅಲ್ಲಿ ವಿಸ್ತೃತ ಪರೀಕ್ಷೆ ಒತ್ತಿ. ಪಟ್ಟಿಯಲ್ಲಿ ನಿಮ್ಮ ಟೆಲಿಕಾಂ ಕಂಪನಿ ಬರಬಾರದು. ಬಂದರೆ ವಿಪಿಎನ್ ಆ್ಯಪ್‌ನಲ್ಲಿ ಅದರದೇ ಡಿಎನ್‌ಎಸ್ ಬಳಸುವಂತೆ ಮಾಡಿ, ರೌಟರ್ ಅಥವಾ ವಿಂಡೋಸ್‌ನಲ್ಲಿ ಕೈಯಾರೆ ಬರೆದ ಡಿಎನ್‌ಎಸ್ ಸಂಖ್ಯೆ ಇದ್ದರೆ ಅಳಿಸಿ.

ಕ್ರೋಮ್‌ನಾಗ ಪುಗಸಟ್ಟೆ ವಿಪಿಎನ್ ಎಕ್ಸ್‌ಟೆನ್ಶನ್ ಹಾಕೀನಿ. ಸಾಕಲ್ಲ?

ಎಕ್ಸ್‌ಟೆನ್ಶನ್ ಎಂಬುದು ಹೆಚ್ಚಾಗಿ ವಿಪಿಎನ್ ಅಲ್ಲ, ಪ್ರಾಕ್ಸಿ, ಅಂದರೆ ಬರೀ ನಡುವಿನ ಸರ್ವರ್. ಆ ಬ್ರೌಸರ್ ತೆರೆಯುವ ಪುಟಗಳಿಗೆ ಮಾತ್ರ ಅನ್ವಯ; ವಾಟ್ಸ್‌ಆ್ಯಪ್, ಮೇಲ್, ಇತರ ಆ್ಯಪ್ ಎಲ್ಲ ಹೊರಗೇ. ವೆಬ್‌ಆರ್‌ಟಿಸಿ (ಬ್ರೌಸರ್‌ನ ವಿಡಿಯೋ ಕಾಲ್ ವ್ಯವಸ್ಥೆ) ಸೋರಿಕೆ ನಿಜವಾಗಿ ಕಾಡುವುದೂ ಇಲ್ಲೇ. ವಿಡಿಯೋ ಕಾಲ್‌ಗಾಗಿ ಬ್ರೌಸರ್ ‘ನನ್ನ ಹೊರಗಿನ ವಿಳಾಸ ಏನು’ ಎಂದು ಸ್ಟನ್ ಎಂಬ ಸರ್ವರನ್ನು ಕೇಳುತ್ತದೆ. ಆ ಕೇಳಿಕೆ ಯುಡಿಪಿ ಎಂಬ ಬೇರೆ ಬಗೆಯ ಸಾಗಣೆಯಲ್ಲಿ ಹೋಗುವುದರಿಂದ ಪ್ರಾಕ್ಸಿಯನ್ನು ದಾಟಿಕೊಂಡು ಹೋಗಬಹುದು, ಉತ್ತರದಲ್ಲಿ ನಿಜ ಐಪಿ ಬರುತ್ತದೆ, ಪುಟದ ಜಾವಾಸ್ಕ್ರಿಪ್ಟ್ ಅದನ್ನು ಓದಿಕೊಳ್ಳುತ್ತದೆ. ಇದಕ್ಕೆ ಲೊಕೇಶನ್ ಪರ್ಮಿಷನ್ ಬೇಕಿಲ್ಲ. ಇಡೀ ಸಾಧನಕ್ಕೆ ಹಾಕಿದ ವಿಪಿಎನ್ ಇದ್ದರೆ ಈ ಕೇಳಿಕೆಯೂ ಸಾಮಾನ್ಯವಾಗಿ ಸುರಂಗದೊಳಗೇ ಹೋಗುತ್ತದೆ.

ಫೈರ್‌ಫಾಕ್ಸ್‌ನಲ್ಲಿ ವಿಳಾಸ ಪಟ್ಟಿಯಲ್ಲಿ ‘ಅಬೌಟ್:ಕಾನ್ಫಿಗ್’ ತೆರೆದು ‘ಮೀಡಿಯಾ.ಪೀರ್‌ಕನೆಕ್ಷನ್.ಎನೇಬಲ್ಡ್’ ಎಂಬುದನ್ನು ‘ಫಾಲ್ಸ್’ ಮಾಡಬಹುದು. ಆಮೇಲೆ ಬ್ರೌಸರ್‌ನಲ್ಲಿ ವಿಡಿಯೋ ಮೀಟಿಂಗ್ ನಡೆಯುವುದಿಲ್ಲ, ಅದು ನೆನಪಿರಲಿ. ಆನ್‌ಲೈನ್ ಇಂಟರ್‌ವ್ಯೂ ದಿನ ಬೆಳಗ್ಗೆ ಇದನ್ನು ಮಾಡಬೇಡಿ.

ಕನ್ನಡದಾಗ ಫೋನ್ ಇಟ್ಟೀನಿ. ಅದರಿಂದಲೂ ಗೊತ್ತಾಗ್ತದೇನು?

ದೇಶದ ಮಟ್ಟಕ್ಕೆ ಗೊತ್ತಾಗುತ್ತದೆ. ಬ್ರೌಸರ್ ಪ್ರತಿ ಪುಟ ಕೇಳುವಾಗಲೂ ತನ್ನ ಭಾಷೆಯ ಪಟ್ಟಿ ಕಳಿಸುತ್ತದೆ. ಅದರಲ್ಲಿ ‘ಕನ್ನಡ, ಭಾರತ’ ಎಂದು ಮೊದಲಿಗೇ ಇದ್ದು ಐಪಿ ನೆದರ್‌ಲ್ಯಾಂಡ್ಸ್‌ನದಾಗಿದ್ದರೆ ಅನುಮಾನ ಸಹಜ. ಗಡಿಯಾರವೂ ಹಾಗೆಯೇ: ಜಾವಾಸ್ಕ್ರಿಪ್ಟ್ ಕೇಳಿದರೆ ಬ್ರೌಸರ್ ಗ್ರೀನಿಚ್‌ಗಿಂತ 330 ನಿಮಿಷ ಮುಂದು ಎನ್ನುತ್ತದೆ, ವಲಯದ ಹೆಸರನ್ನೂ ಕೊಡುತ್ತದೆ. ಪರೀಕ್ಷೆಯಲ್ಲಿ ಕೋಲ್ಕತ್ತಾ ಅಥವಾ ಕಲ್ಕತ್ತಾ ಎಂದು ಕಂಡರೆ ಗಾಬರಿ ಬೇಡ, ಇಡೀ ಭಾರತದ ಸಮಯ ವಲಯಕ್ಕೆ ಕಂಪ್ಯೂಟರ್‌ಗಳಲ್ಲಿ ಅದೇ ಹೆಸರು. ಗುರುತು ಮರೆಸಲೆಂದೇ ಇರುವ ಟಾರ್ ಬ್ರೌಸರ್ ಎಲ್ಲರಿಗೂ ಒಂದೇ ಯುಟಿಸಿ (ಗ್ರೀನಿಚ್) ಸಮಯ ತೋರಿಸುವುದು ಇದನ್ನು ಮುಚ್ಚಲೆಂದೇ.

ಇದಕ್ಕಾಗಿ ಫೋನನ್ನು ಇಂಗ್ಲಿಷಿಗೆ ಬದಲಿಸಬೇಕೇ? ಖಂಡಿತ ಬೇಡ. ಬರೀ ಭಾಷೆ ನೋಡಿ ಸೇವೆ ತಡೆಯುವ ಸೈಟ್ ಇಲ್ಲವೆನ್ನುವಷ್ಟು ಕಡಿಮೆ.

ಇನ್‌ಕಾಗ್ನಿಟೊ ತೆಗೆದ್ರ ಸಾಕಾ?

ಹಳೆಯ ಕುಕಿ (ಸೈಟ್ ಬ್ರೌಸರ್‌ನಲ್ಲಿ ಬರೆದಿಡುವ ಗುರುತು), ಹಳೆಯ ಲಾಗಿನ್ ಇಲ್ಲದೆ ಶುರುವಾಗುತ್ತದೆ, ಅಷ್ಟೇ. ವಿಪಿಎನ್ ಇಲ್ಲದಾಗ ತೆರೆದ ಸೈಟ್ ಕುಕಿಯಲ್ಲಿ ಊರು ಬರೆದಿಟ್ಟಿದ್ದರೆ ಆ ಗುರುತು ಬರುವುದಿಲ್ಲ. ಐಪಿ, ವೈಫೈ, ಗಡಿಯಾರಕ್ಕೆ ಏನೂ ಆಗುವುದಿಲ್ಲ.

‘ನೀವು ವಿಪಿಎನ್ ಬಳಸುತ್ತಿದ್ದೀರಿ, ಆಫ್ ಮಾಡಿ’ ಅಂತ ಬರ್ತದ. ಊರು ಗೊತ್ತಿಲ್ಲದೆ ವಿಪಿಎನ್ ಅಂತ ಹೆಂಗ ಹೇಳ್ತದ?

ಪ್ರತಿ ಐಪಿ ಯಾವ ಕಂಪನಿಗೆ ಸೇರಿದ್ದು ಎಂಬುದು ಸಾರ್ವಜನಿಕ ದಾಖಲೆ. ಮನೆಯ ಗ್ರಾಹಕರ ಐಪಿ ಟೆಲಿಕಾಂ ಕಂಪನಿಯ ಹೆಸರಿನಲ್ಲಿರುತ್ತದೆ, ವಿಪಿಎನ್ ಸರ್ವರ್‌ನದು ಡೇಟಾ ಸೆಂಟರ್ ಹೆಸರಿನಲ್ಲಿ. ಡೇಟಾ ಸೆಂಟರ್‌ನಲ್ಲಿ ಕೂತು ಸಿನಿಮಾ ನೋಡುವವರು ಯಾರೂ ಇಲ್ಲವಲ್ಲ! ಜೊತೆಗೆ ಒಂದೇ ವಿಳಾಸದಿಂದ ಸಾವಿರಾರು ಅಕೌಂಟ್ ಲಾಗಿನ್ ಆಗುವುದೂ ಕಾಣುತ್ತದೆ. ಮ್ಯಾಕ್ಸ್‌ಮೈಂಡ್‌ನಂಥ ಕಂಪನಿಗಳು ಇಂಥ ವಿಳಾಸಗಳ ಪಟ್ಟಿಯನ್ನು ಮಾರುತ್ತವೆ.

ಸಮಯದ ಲೆಕ್ಕವೂ ಇದೆ. ಗಾಜಿನ ನಾರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಕಲಬುರಗಿಯಿಂದ ಆಮ್‌ಸ್ಟರ್‌ಡ್ಯಾಮ್ ನೇರ ದಾರಿ ಹಿಡಿದರೂ ಸುಮಾರು 7,000 ಕಿ.ಮೀ., ಹೋಗಿಬರಲು ಕನಿಷ್ಠ 70 ಮಿಲಿಸೆಕೆಂಡ್. ಕೇಬಲ್ ಸಮುದ್ರ ಸುತ್ತಿ ಹೋಗುವುದರಿಂದ ಇನ್ನೂ ಹೆಚ್ಚು. ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಇರುವ ಸೈಟ್‌ಗೆ ಅದೇ ಊರಿನ ಐಪಿಯಿಂದ ಉತ್ತರ ಪ್ರತಿ ಸಲವೂ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ತಡವಾಗಿ ಬಂದರೆ ನೀವು ಅಲ್ಲಿಲ್ಲ ಎಂದು ತಿಳಿಯುತ್ತದೆ. ಪ್ಯಾಕೆಟ್ (ಡೇಟಾದ ಪೊಟ್ಟಣ) ಗಾತ್ರವೂ ಸುಳಿವು: ಸಾಮಾನ್ಯ ಜಾಲದಲ್ಲಿ 1500 ಬೈಟ್, ವೈರ್‌ಗಾರ್ಡ್ ಸುರಂಗದಲ್ಲಿ ವಾಡಿಕೆಯಾಗಿ 1420.

ಕರೆಂಟ್ ಹೋದಾಗ ವೈಫೈ ಬಿದ್ದು ಮೊಬೈಲ್ ಡೇಟಾಕ್ಕ ಹೋಗ್ತದ. ಆಗ ವಿಪಿಎನ್ ಇರ್ತದೇನು?

ಒಳ್ಳೆಯ ಪ್ರಶ್ನೆ, ಯಾಕೆಂದರೆ ಸೋರಿಕೆ ಆಗುವುದು ಇಂಥ ಕೆಲವೇ ಸೆಕೆಂಡುಗಳಲ್ಲಿ. ಹಳೆಯ ದಾರಿ ಮುರಿದು ಹೊಸ ದಾರಿಯಲ್ಲಿ ಸುರಂಗ ಮತ್ತೆ ಕಟ್ಟುವವರೆಗೆ ಆ್ಯಪ್‌ಗಳು ಸುಮ್ಮನಿರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ವಿಪಿಎನ್‌ಗೆ ಹೋಗಿ ಆ್ಯಪ್ ಹೆಸರಿನ ಪಕ್ಕದ ಹಲ್ಲುಗಾಲಿ ಒತ್ತಿ. ‘ಆಲ್ವೇಸ್ ಆನ್ ವಿಪಿಎನ್’ ಮತ್ತು ‘ವಿಪಿಎನ್ ಇಲ್ಲದೆ ಕನೆಕ್ಷನ್ ತಡೆ’ ಎರಡನ್ನೂ ಆನ್ ಮಾಡಿ. ಮೊದಲನೆಯದು ಮಾತ್ರ ಇದ್ದರೆ ನಡುವಿನ ಸೆಕೆಂಡುಗಳು ತೆರೆದೇ ಇರುತ್ತವೆ. ಕಂಪ್ಯೂಟರ್ ಆ್ಯಪ್‌ನಲ್ಲಿ ಇದರ ಹೆಸರು ಕಿಲ್ ಸ್ವಿಚ್. ‘ಸ್ಪ್ಲಿಟ್ ಟನೆಲಿಂಗ್’ ಪಟ್ಟಿಯಲ್ಲಿ ಬ್ರೌಸರ್ ಹೆಸರು ಸೇರಿಕೊಂಡಿದೆಯೇ ಎಂದೂ ನೋಡಿ; ಸೇರಿದ್ದರೆ ಅದು ಯಾವಾಗಲೂ ವಿಪಿಎನ್ ಹೊರಗೇ.

ಸೈಟ್ ಬಿಡ್ರಿ, ಆ್ಯಪ್‌ಗೆ ಏನೇನು ಕಾಣ್ತದ?

ಸೈಟ್‌ಗಿಂತ ಬಹಳ ಹೆಚ್ಚು. ಆಂಡ್ರಾಯ್ಡ್ ಆ್ಯಪ್ ಯಾವ ಪರ್ಮಿಷನ್ನೂ ಕೇಳದೆ ಸಿಮ್ ಯಾವ ದೇಶದ್ದು, ಈಗ ಯಾವ ದೇಶದ ನೆಟ್‌ವರ್ಕ್ ಹಿಡಿದಿದೆ ಎಂದು ಓದಬಲ್ಲದು. ಭಾರತದ ನೆಟ್‌ವರ್ಕ್‌ಗಳ ದೇಶ ಸಂಕೇತ 404 ಮತ್ತು 405. ಪ್ಲೇ ಸ್ಟೋರ್‌ನ ದೇಶವೂ ಅಕೌಂಟ್‌ಗೆ ಅಂಟಿದ್ದು, ವರ್ಷಕ್ಕೆ ಒಮ್ಮೆ ಮಾತ್ರ ಬದಲಿಸಲು ಬಿಡುತ್ತದೆ. ಹಣ ಕಟ್ಟುವಾಗ ಕಾರ್ಡಿನ ಮೊದಲ ಅಂಕಿಗಳೇ ಬ್ಯಾಂಕು, ದೇಶ ಎರಡನ್ನೂ ಹೇಳುತ್ತವೆ. ಫೋಟೋ ಕಳಿಸುವುದರಲ್ಲೂ ಜೋಪಾನ: ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಜಿಪಿಎಸ್ ಅಂಕಿ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ.

ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನು ವಿಪಿಎನ್ ಹಚ್ಚಿ ತೆರೆಯಲೇಬೇಡಿ. ಹತ್ತು ನಿಮಿಷದ ಹಿಂದೆ ಕಲಬುರಗಿ, ಈಗ ಫ್ರಾಂಕ್‌ಫರ್ಟ್ ಎಂದು ಕಂಡರೆ ಅವರ ವ್ಯವಸ್ಥೆ ಅಕೌಂಟ್ ತಡೆಹಿಡಿಯಬಹುದು, ಆಗ ಬ್ರಾಂಚ್‌ಗೆ ಅಲೆಯುವವರು ನೀವು. ಆ ಆ್ಯಪ್‌ಗಳು ತಮ್ಮದೇ ಗೂಢಲಿಪಿಯಲ್ಲಿ ಮಾತಾಡುತ್ತವೆ, ಹಾಗಾಗಿ ಅವಕ್ಕೆ ವಿಪಿಎನ್ ಬೇಕಿಲ್ಲ.

ಫೇಕ್ ಜಿಪಿಎಸ್ ಆ್ಯಪ್ ಹಾಕಿದ್ರ?

ಡೆವಲಪರ್ ಆಯ್ಕೆಯಲ್ಲಿ ‘ಮಾಕ್ ಲೊಕೇಶನ್’ ಕೊಟ್ಟರೆ ಬ್ರೌಸರ್ ನಂಬಬಹುದು, ಆದರೆ ಅಂಥ ಪ್ರತಿ ಸ್ಥಾನಕ್ಕೂ ಆಂಡ್ರಾಯ್ಡ್ ‘ಇದು ನಕಲಿ’ ಎಂಬ ಗುರುತು ಹಚ್ಚಿಯೇ ಕೊಡುತ್ತದೆ. ಗುರುತು ನೋಡುವ ಆ್ಯಪ್ ಅಲ್ಲೇ ಹಿಡಿಯುತ್ತದೆ. ವೆಬ್‌ಸೈಟ್ ಕಟ್ಟುವವರು ಪರೀಕ್ಷೆಗೆಂದು ಬಳಸುವುದಾದರೆ ಕ್ರೋಮ್‌ನ ಡೆವ್‌ಟೂಲ್ಸ್ ಒಳಗೆ ‘ಸೆನ್ಸರ್ಸ್’ ಹಾಳೆ ಇದೆ, ಅಲ್ಲಿ ಊರು, ಸಮಯ ವಲಯ ಎರಡನ್ನೂ ಕೊಡಬಹುದು. ಬೀದರ್‌ಗೆ 17.91, 77.52 ಹಾಕಿ ನೋಡಿ.

ಅಣ್ಣ ದುಬೈದಾಗ ಅದಾನ. ‘ಇಂಡಿಯಾ’ ಸರ್ವರ್ ಹಚ್ಚಿದ್ರೂ ಇಲ್ಲಿನ ಆ್ಯಪ್ ನಡೆಯಂಗಿಲ್ಲ ಅಂತಾನ. ಯಾಕ?

2022ರ ಏಪ್ರಿಲ್ 28ರಂದು ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಮುಂತಾದ ವಿವರಗಳನ್ನು 5 ವರ್ಷ ಇಟ್ಟಿರಬೇಕು. ಅದಕ್ಕೊಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಆ ವರ್ಷವೇ ಭಾರತದೊಳಗಿನ ಸರ್ವರ್‌ಗಳನ್ನು ತೆಗೆದವು. ಆಮೇಲೆ ಬಂದದ್ದು ‘ವರ್ಚುವಲ್’ ಸರ್ವರ್: ವಿಳಾಸಕ್ಕೆ ಭಾರತದ ಮುದ್ರೆ, ಯಂತ್ರ ಮಾತ್ರ ಸಿಂಗಪುರದಲ್ಲೋ ಬ್ರಿಟನ್‌ನಲ್ಲೋ. ಒಂದು ಪಟ್ಟಿ ಅದನ್ನು ಭಾರತ ಎನ್ನುತ್ತದೆ, ಇನ್ನೊಂದು ಒಪ್ಪುವುದಿಲ್ಲ. ಯಂತ್ರದ ದೂರ ಸಮಯದ ಲೆಕ್ಕದಲ್ಲೂ ಕಾಣುತ್ತದೆ, ಮೇಲಾಗಿ ಅಣ್ಣನ ಫೋನ್ ಹಿಡಿದಿರುವುದು ದುಬೈ ನೆಟ್‌ವರ್ಕ್.

ಅವರಿಗೆ ಒಂದು ಮಾತು ತಿಳಿಸಿ: ಯುಎಇಯ 2021ರ ಸೈಬರ್ ಕಾಯ್ದೆಯಲ್ಲಿ ಅಪರಾಧ ಎಸಗಲು ಅಥವಾ ಅದನ್ನು ಮುಚ್ಚಲು ಐಪಿ ಮರೆಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಇದೆ, ಜೈಲೂ ಇದೆ. ಅಲ್ಲಿ ತಡೆಹಿಡಿದ ಸೇವೆಯನ್ನು ವಿಪಿಎನ್‌ನಿಂದ ತೆರೆಯುವ ಮುಂಚೆ ಇದು ಗೊತ್ತಿರಲಿ. ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧವೆಂಬ ಕಾನೂನು ದೇಶಕ್ಕೆಲ್ಲ ಅನ್ವಯಿಸುವಂತೆ ಇಲ್ಲ, ಆದರೆ ಅದರ ಮರೆಯಲ್ಲಿ ಮಾಡಿದ ಅಪರಾಧಕ್ಕೆ ವಿಪಿಎನ್ ರಕ್ಷಣೆಯೂ ಅಲ್ಲ.

ಎಲ್ಲಾ ಒಮ್ಮೆ ನೋಡ್ಬೇಕಂದ್ರ ಯಾವುದ್ರಿಂದ ಶುರು ಮಾಡ್ಲಿ?

ವಿಪಿಎನ್ ಆಫ್ ಇಟ್ಟು ಐಪಿಲೀಕ್ ಡಾಟ್ ನೆಟ್ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ವಿಪಿಎನ್ ಆನ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ತೆರೆದು ಮತ್ತೊಂದು ತೆಗೆಯಿರಿ. ಐಪಿವಿ4, ಐಪಿವಿ6, ವೆಬ್‌ಆರ್‌ಟಿಸಿ, ಡಿಎನ್‌ಎಸ್ ಈ ನಾಲ್ಕರಲ್ಲಿ ಎರಡೂ ಚಿತ್ರದಲ್ಲಿ ಒಂದೇ ಇರುವ ಸಾಲೇ ನಿಮ್ಮ ಸೋರಿಕೆ (ಎರಡರಲ್ಲೂ ಖಾಲಿ ಇರುವ ಸಾಲು ಲೆಕ್ಕಕ್ಕಿಲ್ಲ). ಅದಕ್ಕೆ ಮೇಲೆ ಹೇಳಿದ ಉಪಾಯ ಮಾಡಿ. ನಾಲ್ಕೂ ಬದಲಾಗಿದ್ದರೆ ಐಪಿಯ ಕಡೆ ನೋಡುವುದು ಬಿಟ್ಟು ಲೊಕೇಶನ್ ಪರ್ಮಿಷನ್ ಪಟ್ಟಿ ತೆರೆಯಿರಿ, ಆಮೇಲೆ ಅಕೌಂಟ್. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ ಮತ್ತೆ ಪರೀಕ್ಷಿಸಿ. ಐದಾರು ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ, ನೆಟ್ ನಿಂತದ್ದು ಯಾವುದರಿಂದ ಎಂದು ಹುಡುಕುತ್ತ ಕೂರಬೇಕಾಗುತ್ತದೆ.